ರಿಪೋರ್ಟ್ ಹೇಗಿದೆ ಅಂತ ಕೇಳಿದರೆ

ಪ್ರೀತಿಯ ಸಿಂಧು,

ಹಾಸ್ಟೆಲ್ ಊಟ, ಫೀಸು, ಇಂಟರ್ನಲ್ಸ್ ಮಾರ್ಕ್ಸು, ಇದೆಲ್ಲ ನಿಮ್ಮಮ್ಮ ಆಗಲೇ ಫೋನಿನಲ್ಲಿ ಒಪ್ಪಿಸಿದ್ದಾಳೆ. ಅದಕ್ಕೆ ಉತ್ತರ ಬರೆಯುವುದಿಲ್ಲ. ಆದರೆ ಲ್ಯಾಬ್ ಟೆಕ್ನಿಷಿಯನ್ ಕೆಲಸ ಕಲಿಯುತ್ತಾ ಕಂಡ ಆ ಹುಡುಗನ ರಕ್ತದ ವಿಷಯ ಬರೆದು, ಕಾಗದದ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಸೇರಿಸಿದ್ದೀಯಲ್ಲ, "ಮಾವ, ನನಗೆ ಗೊತ್ತಾಗಿಬಿಟ್ಟಿತ್ತು, ಆ ತಾಯಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ದಿನಾ ಹೀಗೇನಾ?" ಅಂತ, ಆ ಸಾಲು ನನ್ನ ನಿದ್ದೆ ಕೆಡಿಸಿದೆ.

ಬಂದು ಮಾತಾಡಬಹುದಿತ್ತು. ನೀನು ವೈಟ್‌ಫೀಲ್ಡ್, ನಾನು ರಾಜಾಜಿನಗರ. ಮೆಟ್ರೋ ಬಂದ ಮೇಲೆ ಹತ್ತಿರವಾಯ್ತು ಅಂತಾರೆ, ಆದರೆ ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸುವಷ್ಟರಲ್ಲಿ ನನ್ನ ಮಂಡಿ ಸಾಕು ಅನ್ನುತ್ತದೆ. ಅದೂ ಅಲ್ಲದೆ ನೀನು ಫೋನಿನಲ್ಲಿ ಹೇಳದೆ ಬರೆದೆ. ನಾನೂ ಬರೆಯುವುದೇ ಸರಿ ಅನ್ನಿಸಿತು.

ಆರು ವರ್ಷದ ಹುಡುಗ. ಜ್ವರ ಬಿಡುತ್ತಿಲ್ಲ, ಮೈ ಬಿಳಿಚಿಕೊಂಡಿದೆ, ಕಾಲಿನ ಮೇಲೆ ಬೀಳದೆ ಏಳದೆ ಬಂದ ನೀಲಿ ಕಲೆಗಳು. ರಕ್ತಕಣ ಎಣಿಸುವ ಮೆಷಿನ್ ಏನೋ ಸರಿಯಿಲ್ಲ ಅಂತ ಫ್ಲ್ಯಾಗ್ ಕೊಟ್ಟಿತು. ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಸ್ಮಿಯರ್ ನೀನೇ ಎಳೆದೆ, ಲೀಷ್ಮನ್ ಬಣ್ಣ ನೀನೇ ಹಾಕಿದೆ. ನಿಮ್ಮ ಲ್ಯಾಬಿನ ಡಾಕ್ಟರ್ ಸರ್ ಕರೆದು ತೋರಿಸಿದರು. ದೊಡ್ಡ ದೊಡ್ಡ ಜೀವಕೋಶಗಳು, ಒಳಗೆಲ್ಲ ನ್ಯೂಕ್ಲಿಯಸ್ಸೇ, ಸುತ್ತ ಒಂದು ತೆಳು ನೀಲಿ ಅಂಚು. ಬ್ಲಾಸ್ಟ್, ರಕ್ತದ ಕ್ಯಾನ್ಸರಿನಲ್ಲಿ ಕಾಣುವ ಬಲಿಯದ ಕಣಗಳು. ಗುರುತು ಹಿಡಿದೆನಲ್ಲ ಅಂತ ಒಂದು ಗಳಿಗೆ ಖುಷಿಯಾಯ್ತು, ಮರುಗಳಿಗೆ ನಾಚಿಕೆಯಾಯ್ತು ಅಂತ ಬರೆದಿದ್ದೀಯ. ಆ ಖುಷಿಗೆ ನಾಚಬೇಡ ಸಿಂಧು. ಅದು ಕಲಿತವರ ಖುಷಿ. ಎಲ್ಲ ಲ್ಯಾಬಿನವರಿಗೂ ಆಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ.

ಆಮೇಲೆ ಹೊರಗೆ ಬಂದೆ. ಕೌಂಟರ್ ಮುಂದೆ ತಾಯಿ. "ಏನೂ ಇಲ್ಲ ಅಲ್ವಾ ಮೇಡಂ?" ನೀನು "ಡಾಕ್ಟರ್ ಹೇಳ್ತಾರೆ" ಅಂದು ಒಳಗೆ ಓಡಿದೆ. ಮುಖ ನೋಡಿ ಅವಳಿಗೆ ತಿಳಿದುಹೋಯಿತೇನೋ ಅನ್ನುವುದೇ ನಿನ್ನ ಭಯ, ಅಲ್ವಾ?

ನಿಮ್ಮ ಸಿಲೆಬಸ್‌ನಲ್ಲಿ ಇದಕ್ಕೆ ಪಾಠವಿಲ್ಲ. ನಮ್ಮದರಲ್ಲೂ ಇರಲಿಲ್ಲ. ರಕ್ತದ ಟ್ಯೂಬಿನೊಳಗಿನ ರಾಸಾಯನಿಕಗಳನ್ನು ನೇರಳೆ ಮುಚ್ಚಳ ಇಡಿಟಿಎ, ತಿಳಿನೀಲಿ ಸಿಟ್ರೇಟ್, ಬೂದು ಫ್ಲೋರೈಡ್ ಅಂತ ಬಾಯಿಪಾಠ ಮಾಡಿಸುತ್ತಾರೆ. ಯಾವ ಟ್ಯೂಬಿಗೆ ಮೊದಲು ರಕ್ತ ತುಂಬಬೇಕು, ಯಾಕೆ ಅಂತ ಹೇಳಿಕೊಡುತ್ತಾರೆ. ಸ್ಪ್ರೆಡರ್ ಸ್ಲೈಡನ್ನು ಎಷ್ಟು ಓರೆಯಾಗಿ ಹಿಡಿದರೆ ಸ್ಮಿಯರ್ ನಾಲಿಗೆಯ ಆಕಾರಕ್ಕೆ ಬರುತ್ತದೆ ಅಂತ ಕೈ ಹಿಡಿದು ತೋರಿಸುತ್ತಾರೆ. ಆ ಸ್ಲೈಡ್ ಯಾರದ್ದೋ ಅವರು ಗಾಜಿನಾಚೆ ಚೀಟಿ ಹಿಡಿದು ನಿಂತಿರುತ್ತಾರೆ ಅನ್ನುವುದನ್ನು ಯಾವ ವೈವಾದಲ್ಲೂ ಕೇಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಈ ಗಾಜೂ ಇರಲಿಲ್ಲ. ಒಂದು ಮರದ ಮೇಜು, ಮೇಲೆ ಸ್ಪಿರಿಟ್ ಲ್ಯಾಂಪು. ಮೂತ್ರದಲ್ಲಿ ಸಕ್ಕರೆ ನೋಡಬೇಕಾದರೆ ಬೆನೆಡಿಕ್ಟ್ ದ್ರಾವಣ 5 ಎಂಎಲ್, ಅದಕ್ಕೆ ಮೂತ್ರ 8 ಹನಿ, ಕುದಿಸುವುದು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಒಬ್ಬರು ಮುದುಕರು ಬರುತ್ತಿದ್ದರು, ಬೆಂಚಿನ ಮೇಲೆ ಕೂರುತ್ತಲೇ ಇರಲಿಲ್ಲ. ನನ್ನ ಪಕ್ಕದಲ್ಲೇ ನಿಂತು ಟ್ಯೂಬು ನೋಡುವುದು. ಬಣ್ಣ ಕಿತ್ತಳೆಗೆ ತಿರುಗಿತೋ, ನಾನು ಬಾಯಿ ತೆರೆಯುವ ಮೊದಲೇ, "ಗೊತ್ತಪ್ಪಾ, ನಿನ್ನೆ ಮದುವೆ ಮನೆ ಊಟ" ಅನ್ನುವರು. ಇಬ್ಬರೂ ಒಟ್ಟಿಗೇ ನೋಡಿದ್ದು. ಬಚ್ಚಿಡಲು ಏನೂ ಇರಲಿಲ್ಲ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಸಾಹ್ಲಿ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದು ಬಣ್ಣ ಹೋಲಿಸಿ ಹೀಮೋಗ್ಲೋಬಿನ್ ಹೇಳುತ್ತಿದ್ದೆವು. ಮೋಡ ಕವಿದ ದಿನ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಲೆಕ್ಕ. ಇವತ್ತಿನ ಮೆಷಿನ್ ಎಷ್ಟೋ ವಾಸಿ. ಆದರೆ ಮೆಷಿನ್ ಬಂದ ಮೇಲೆ ಗೊತ್ತಾಗುವುದು ಒಳಗೆ, ಕಾಯುವುದು ಹೊರಗೆ ಅಂತಾಯಿತು. ನಡುವೆ ನಾವು.

ನನಗೆ ಕೆಲಸ ಕಲಿಸಿದ ಹಿರಿಯರು ಒಂದೇ ಮಾತು ಹೇಳುತ್ತಿದ್ದರು. ಲ್ಯಾಬಿನವನಿಗೆ ಕಣ್ಣಿರಬೇಕು, ಬಾಯಿ ಇರಬಾರದು. ಬಹಳ ವರ್ಷ ಅದನ್ನೇ ಪಾಲಿಸಿದೆ. ಈಗ ಅದು ಅರ್ಧ ಸರಿ ಅನ್ನಿಸುತ್ತದೆ.

ಸರಿಯಾದ ಅರ್ಧ ಮೊದಲು ಹೇಳುತ್ತೇನೆ. ನಿನಗೆ ಗೊತ್ತಾಯ್ತು ಅಂದುಕೊಳ್ಳುತ್ತೀಯಲ್ಲ, ಬಹಳ ಸಲ ಅದು ಗೊತ್ತಾದದ್ದಲ್ಲ. ಡೆಂಗಿ ಸೀಸನ್‌ನಲ್ಲಿ ನೋಡಿರುತ್ತೀಯ. ಪ್ಲೇಟ್‌ಲೆಟ್ ಮೂವತ್ತು ಸಾವಿರ ಅಂತ ಮೆಷಿನ್ ಹೇಳುತ್ತದೆ. ಸ್ಮಿಯರ್ ನೋಡಿದರೆ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡು ಕೂತಿರುತ್ತವೆ. ಕೆಲವರ ರಕ್ತ ಇಡಿಟಿಎಯಲ್ಲಿ ಹಾಗೆ ಮಾಡುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದರೆ ಲೆಕ್ಕ ಸರಿಯಾಗಿರುತ್ತದೆ. ಪೊಟ್ಯಾಸಿಯಂ 7 ಬಂತು ಅಂದರೆ ಎದೆ ಧಸಕ್ಕೆನ್ನುತ್ತದೆ. ಸೀರಂ, ಅಂದರೆ ರಕ್ತದಿಂದ ಬೇರೆಯಾದ ಹಳದಿ ನೀರು, ಕೆಂಪಗಿದೆಯಾ ನೋಡು, ಜೀವಕೋಶ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿರಬಹುದು. ಕ್ಯಾಲ್ಸಿಯಂ ಕೂಡ ತೀರಾ ಕಡಿಮೆ ಇದೆಯಾ? ನೇರಳೆ ಟ್ಯೂಬಿನ ರಕ್ತ ಸ್ವಲ್ಪ ಬೇರೆ ಟ್ಯೂಬಿಗೆ ಸೇರಿರಬಹುದು. ಅದರಲ್ಲಿರುವುದು ಪೊಟ್ಯಾಸಿಯಂ ಇಡಿಟಿಎ, ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದೇ ಅದರ ಕೆಲಸ. ವೈರಲ್ ಜ್ವರದಲ್ಲಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ಉಬ್ಬಿಕೊಂಡು, ಹೊಸಬರ ಕಣ್ಣಿಗೆ ಬ್ಲಾಸ್ಟೇ ಅನ್ನಿಸುವಂತೆ ಕಾಣುತ್ತವೆ. ಎಚ್‌ಐವಿ ಮೊದಲ ಟೆಸ್ಟ್ ರಿಯಾಕ್ಟಿವ್ ಬಂದರೆ ಅಲ್ಲಿಗೆ ಮುಗಿಯುವುದಿಲ್ಲ, ಬೇರೆ ಬೇರೆ ಕಿಟ್‌ನಲ್ಲಿ ಇನ್ನೆರಡು ಸಲ ನೋಡಿದ ಮೇಲೇ ಪಾಸಿಟಿವ್ ಅನ್ನುವುದು. ಇಂಥ ಅರ್ಧ ಸುದ್ದಿ ಕೌಂಟರಿನಲ್ಲಿ ಬಾಯಿ ಜಾರಿದರೆ, ಉಳಿದರ್ಧವನ್ನು ಆ ಮನೆಯವರು ರಾತ್ರಿಯಿಡೀ ಭಯದಲ್ಲೇ ತುಂಬಿಕೊಳ್ಳುತ್ತಾರೆ. ಹೇಳಬಾರದು ಅನ್ನುವ ನಿಯಮ ಸುಮ್ನೆ ಬಂದದ್ದಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ನೀನು ಏನು ಕೇಳುತ್ತೀಯ ಅಂತ ಗೊತ್ತು. "ಆದರೆ ಮಾವ, ಆ ಸ್ಲೈಡ್‌ನಲ್ಲಿ ಅನುಮಾನವೇ ಇರಲಿಲ್ಲ." ಹೌದು. ಸರ್ ನೋಡಿದ್ದಾರೆ, ಫೀಲ್ಡ್ ತುಂಬ ಅವೇ. ಅಲ್ಲಿ ನಿಯಮ ಸಮಾಧಾನ ಕೊಡುವುದಿಲ್ಲ. ಅದಕ್ಕೇ ಈ ಕಾಗದ ಉದ್ದವಾಗುತ್ತಿದೆ.

ತೊಂಬತ್ತರ ದಶಕದ ಮಾತು. ಎಚ್‌ಐವಿ ಅಂದರೆ ಜನ ಪಿಸುಗುಟ್ಟುತ್ತಿದ್ದ ಕಾಲ. ಈಗಿನ ಹಾಗೆ ಎಲ್ಲ ಕಡೆ ಕೌನ್ಸೆಲರ್ ಇರಲಿಲ್ಲ, ಎಚ್‌ಐವಿ ಇರುವವರ ಗುಟ್ಟು ಕಾಪಾಡುವ 2017ರ ಕಾಯ್ದೆಯೂ ಇರಲಿಲ್ಲ. ಒಬ್ಬ ಹುಡುಗ ರಿಪೋರ್ಟಿಗೆ ಬಂದ. ನಿನ್ನ ವಯಸ್ಸು, ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾನು ರಿಜಿಸ್ಟರ್ ನೋಡುತ್ತಾ, ತಲೆ ಎತ್ತದೆ, ಡಾಕ್ಟರನ್ನು ಕಾಣಿ ಅಂದೆ. ನಿಯಮದ ಪ್ರಕಾರ ಸರಿಯಾಗೇ ಇತ್ತು. ಅವನು ಸ್ವಲ್ಪ ಹೊತ್ತು ನಿಂತಿದ್ದು, "ಗೊತ್ತಾಯ್ತು ಸರ್" ಅಂದು ಹೊರಟ. ನನ್ನ ಮುಖ ಅವನಿಗೆ ಕಂಡೇ ಇರಲಿಲ್ಲ. ಮುಖ ತೋರಿಸಲಿಲ್ಲವಲ್ಲ, ಅದರಿಂದಲೇ ತಿಳಿದುಕೊಂಡ. ಡಾಕ್ಟರ್ ಹತ್ತಿರ ಹೋದನೋ, ನೇರ ಬಸ್‌ಸ್ಟ್ಯಾಂಡಿಗೆ ಹೋದನೋ, ಇವತ್ತಿಗೂ ಯೋಚಿಸುತ್ತೇನೆ.

ಮುಖ ಹೇಳಿಬಿಡುತ್ತದೆ ಅಂತ ನೀನು ಹೆದರುತ್ತೀಯ. ಮುಖ ತಿರುಗಿಸಿದರೆ ಇನ್ನೂ ಜಾಸ್ತಿ ಹೇಳುತ್ತದೆ. ನನಗೆ ತಿಳಿದದ್ದು ಇಷ್ಟು. ಎಲ್ಲರನ್ನೂ ಒಂದೇ ಥರ ನೋಡು. ಹೀಮೋಗ್ಲೋಬಿನ್ 14 ಇದ್ದವರಿಗೂ ತಲೆ ಎತ್ತಿ ಮಾತಾಡು, ಈ ತಾಯಿಗೂ ಅಷ್ಟೇ ಹೊತ್ತು ಕೊಡು. ಹೇಳಬಹುದಾದ ನಿಜವನ್ನೇ ಹೇಳು. "ಸ್ಲೈಡನ್ನು ಡಾಕ್ಟರೇ ನೋಡಿದ್ದಾರೆ ಅಮ್ಮ. ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸ್ತೇವೆ. ನೀವು ಇಲ್ಲೇ ಇರಿ, ಮನೆಗೆ ಹೋಗಬೇಡಿ." ಇದರಲ್ಲಿ ಸುಳ್ಳಿಲ್ಲ. "ಏನೂ ಇಲ್ಲ ಬಿಡಿ" ಅಂತ ಮಾತ್ರ ಯಾವತ್ತೂ ಅನ್ನಬೇಡ. ಅವರನ್ನು ಸಮಾಧಾನ ಮಾಡಲು ಅದು ನಾಲಿಗೆಯ ತುದಿಗೇ ಬಂದಿರುತ್ತದೆ, ತಡೆದುಕೋ. ಉಪದೇಶ ಮಾಡುವುದು ಸುಲಭ, ಆ ಹುಡುಗನ ಮುಂದೆ ನನಗೂ ಇಷ್ಟು ಮಾತು ಬರಲಿಲ್ಲ.

ಇನ್ನೊಂದು ವಿಷಯ. ಬಾಯಿ ಇರಬಾರದು ಅಂದರಲ್ಲ ಆ ಹಿರಿಯರು, ಅಲ್ಲಿ ನನಗೆ ಒಪ್ಪಿಗೆಯಿಲ್ಲ. ನಿನ್ನ ಬಾಯಿ ಫೋನಿನಲ್ಲಿದೆ. ಕ್ರಿಟಿಕಲ್ ವ್ಯಾಲ್ಯೂ ಪಟ್ಟಿ ನಿಮ್ಮ ಲ್ಯಾಬಿನ ಗೋಡೆ ಮೇಲೆ ಅಂಟಿಸಿರುತ್ತಾರೆ. ಎಷ್ಟು ಕಡಿಮೆಯಾದರೆ, ಎಷ್ಟು ಜಾಸ್ತಿಯಾದರೆ ತಕ್ಷಣ ತಿಳಿಸಬೇಕು ಅಂತ. ಹೊಸದಾಗಿ ಬ್ಲಾಸ್ಟ್ ಕಂಡರೂ ಹಾಗೇ. ಸರ್ ಖಚಿತಪಡಿಸಿದ ಮೇಲೆ ವಾರ್ಡಿಗೆ ಫೋನ್ ಮಾಡು, ಪೇಷೆಂಟ್ ಹೆಸರು ಮತ್ತು ನಂಬರ್ ಹೇಳು, ಆ ಕಡೆಯವರಿಂದ ಓದಿಸಿ ಕೇಳಿಸಿಕೋ, ಯಾರಿಗೆ ಎಷ್ಟು ಗಂಟೆಗೆ ಹೇಳಿದೆ ಅಂತ ಬರೆದಿಡು. ಹುಡುಗರು ಇದನ್ನು ಕ್ಲರ್ಕ್ ಕೆಲಸ ಅಂದುಕೊಳ್ಳುತ್ತಾರೆ. ಅಲ್ಲ. ಆ ತಾಯಿಗೆ ನೀನು ಏನಾದರೂ ಮಾಡಲು ಸಾಧ್ಯವಿದ್ದರೆ ಅದು ಇದೇ, ಸುದ್ದಿ ಹೇಳಬೇಕಾದವರ ಕೈಗೆ ಬೇಗ ತಲುಪಿಸುವುದು. ಕೌಂಟರಿನಲ್ಲಿ ಅವಳು ಕಾಯುವ ಹೊತ್ತು ಅಷ್ಟಾದರೂ ಕಡಿಮೆಯಾಗುತ್ತದೆ.

ಮತ್ತೆ, ಎಲ್ಲ ಕೆಟ್ಟ ರಿಪೋರ್ಟೂ ಕೊನೆಯ ರಿಪೋರ್ಟಲ್ಲ. ನನ್ನನ್ನು ಕಫ ಪರೀಕ್ಷೆಯ ತರಬೇತಿಗೆ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಕಳಿಸಿದ್ದರು. 1959ರಲ್ಲಿ ಶುರುವಾದದ್ದು, ನಮ್ಮ ಊರಿನಲ್ಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೊದಮೊದಲು ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂಥ ಕ್ಷಯದ ರೋಗಾಣು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ಅರ್ಥವಾಯಿತು, ಕಂಡದ್ದೇ ಒಳ್ಳೆಯದು. ಕಂಡರೆ ಔಷಧಿ ಶುರುವಾಗುತ್ತದೆ, ಕಾಣದೆ ಉಳಿದರೆ ಮನೆಯವರಿಗೆಲ್ಲ ಹರಡುತ್ತದೆ. ಆ ಹುಡುಗನದ್ದೂ ಹಾಗೇ ಅಂದುಕೋ. ಮಕ್ಕಳಲ್ಲಿ ಜಾಸ್ತಿ ಬರುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಆಗಿದ್ದರೆ, ಪೂರ್ತಿ ಚಿಕಿತ್ಸೆ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಎರಡು ಮೂರು ವರ್ಷದ ದಾರಿ, ಸುಲಭವಲ್ಲ, ನಡುವೆ ಬಿಟ್ಟುಹೋಗುವವರೂ ಇದ್ದಾರೆ. ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1973ರಿಂದ ಇದೇ ಕೆಲಸ ನಡೆಯುತ್ತಿದೆ. ನೀನು ಕಂಡದ್ದು ಅವನ ಮೊದಲ ಸ್ಲೈಡ್. ಇನ್ನು ಎಷ್ಟೋ ಸ್ಲೈಡ್ ನೋಡಬೇಕಿದೆ ಅವನದ್ದು, ಅದರಲ್ಲಿ ಬ್ಲಾಸ್ಟ್ ಇಲ್ಲದ ಸ್ಲೈಡೂ ಯಾರೋ ಒಬ್ಬ ಟೆಕ್ನಿಷಿಯನ್ ಕಣ್ಣಿಗೇ ಮೊದಲು ಬೀಳುವುದು. ಅಂಥ ದಿನ ಕೂಡ ನೀನು ಬಾಯಿ ಮುಚ್ಚಿಕೊಂಡೇ ಇರಬೇಕು, ಅದು ಬೇರೆ ಕಷ್ಟ!

ದಿನಾ ಹೀಗೇನಾ ಅಂತ ಕೇಳಿದ್ದೀಯ. ದಿನಾ ಅಲ್ಲ. ಹೆಚ್ಚಿನ ದಿನ ಶುಗರ್, ಥೈರಾಯ್ಡು, ಬಾಟಲಿ ತರಲು ಮರೆತ ಜನ, ಪ್ರಿಂಟರ್ ಜಗಳ. ಆದರೆ ಅಭ್ಯಾಸವಾಗುತ್ತದೆ, ಅಲ್ಲಿ ಹುಷಾರಾಗಿರಬೇಕು. ನನಗೆ ಮುಖ ಗಟ್ಟಿ ಮಾಡಿಕೊಳ್ಳುವ ಅಭ್ಯಾಸವಾಯಿತು. ಸಂಜೆ ಬಿಳಿ ಕೋಟನ್ನು ಮೊಳೆಗೆ ನೇತುಹಾಕಿ ಬರುತ್ತಿದ್ದೆ, ಮುಖವನ್ನು ಹಾಗೇ ಮನೆಗೆ ತರುತ್ತಿದ್ದೆ. ನಿಮ್ಮತ್ತೆ ಎಷ್ಟು ಸಲ ಅಂದಳು, ನಿಮ್ಮ ಮುಖ ನೋಡಿದರೆ ಸಂಬಳ ಬಂತೋ ಸಾವು ಬಂತೋ ತಿಳಿಯಲ್ಲ ಅಂತ. ತಮಾಷೆ ಅಂದುಕೊಂಡಿದ್ದೆ. ನಿನ್ನ ಭಾವ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ತಂದು ತೋರಿಸಿದಾಗಲೂ ಅದೇ ಮುಖ. ಅವನು ಈಗಲೂ ನನ್ನ ಹತ್ತಿರ ಜಾಸ್ತಿ ಮಾತಾಡುವುದಿಲ್ಲ, ನಿನಗೆ ಗೊತ್ತಿರುವುದೇ. ಇದನ್ನು ಕಾಗದದಲ್ಲಿ ಬರೆಯಬೇಕೆಂದಿರಲಿಲ್ಲ, ಬಂದುಬಿಟ್ಟಿತು.

ಅದಕ್ಕೇ ನೀನು ಅತ್ತಿದ್ದೀಯ ಅಂತ ಓದಿದಾಗ ನನಗೆ ಬೇಜಾರಿನ ಜೊತೆ ಸ್ವಲ್ಪ ಸಮಾಧಾನವೂ ಆಯಿತು. ಅಳು ಬಂದರೆ ಅಳು. ಪಕ್ಕದ ಬೆಂಚಿನ ಹುಡುಗಿಯ ಹತ್ತಿರ ಹೇಳಿಕೋ, ಪೇಷೆಂಟ್ ಹೆಸರು ಹೇಳದೆ. ವಾಟ್ಸಾಪ್‌ನಲ್ಲಿ ಬೇಡ, ಸ್ಲೈಡ್ ಫೋಟೋ ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ನಿಮ್ಮ ಸರ್ ಒಳ್ಳೆಯವರ ಹಾಗೆ ಕಾಣುತ್ತಾರೆ, ಕರೆದು ತೋರಿಸಿದ್ದಾರಲ್ಲ. ಅವರನ್ನೇ ಕೇಳು, ನೀವು ಮನೆಯವರಿಗೆ ಹೇಗೆ ಹೇಳುತ್ತೀರಿ ಅಂತ. ಒಪ್ಪಿದರೆ ಒಂದು ಸಲ ದೂರದಲ್ಲಿ ನಿಂತು ನೋಡು. ನಾನು ಯಾರನ್ನೂ ಕೇಳಲಿಲ್ಲ. ಕೇಳಬಹುದು ಅಂತಲೂ ಹೊಳೆಯಲಿಲ್ಲ.

ಮುಂದಿನ ತಿಂಗಳು ಮೈಕ್ರೋಬಯಾಲಜಿ ಪೋಸ್ಟಿಂಗ್ ಅಂದಿದ್ದೀಯ. ಕ್ಷಯದ ರೋಗಾಣುವಿಗೆ ಬಣ್ಣ ಹಿಡಿಸುವ ಜೀಲ್ ನೀಲ್ಸನ್ ಮಾಡುವಾಗ ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಕುದಿಯಬಾರದು, ಹಬೆ ಎದ್ದರೆ ಸಾಕು, ಬಣ್ಣ ಒಣಗಲೂ ಬಿಡಬೇಡ. ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ, ಹಳೇ ಚೂಡಿದಾರ್ ಹಾಕಿಕೊಂಡು ಹೋಗು. ಆ ಹುಡುಗನನ್ನು ಎಲ್ಲಿಗೆ ಕಳಿಸಿದರು ಅಂತ ಗೊತ್ತಾಗಿದ್ದರೆ ಬರೆ. ಗೊತ್ತಾಗದಿದ್ದರೆ ವಿಚಾರಿಸಲು ಹೋಗಬೇಡ.

ಇಂತಿ,
ನಿನ್ನ ಮಾವ