ಬಿಳಿ ಮರಳೆಲ್ಲ ಹವಳದ ಪುಡಿಯಲ್ಲ

ಮಾನ್ಯರೆ,

ಲಕ್ಷದ್ವೀಪದ ಬಿಳಿ ಮರಳೆಂದರೆ ಹವಳದ ಪುಡಿ ಎಂದು ಪ್ರವಾಸ ಲೇಖನಗಳು ಬರೆಯುತ್ತಲೇ ಇವೆ. ಹವಳ ಕೆರೆದು ತಿನ್ನುವ ಗಿಳಿಮೀನು ವಿಸರ್ಜಿಸುವ ಪುಡಿ ಅದರಲ್ಲಿರುವುದು ನಿಜ. ಆದರೆ ಹವಳದ್ವೀಪಗಳ ಮರಳಿಗೆ ಮೈಯಲ್ಲಿ ಸುಣ್ಣ ಕಟ್ಟಿಕೊಳ್ಳುವ ಪಾಚಿಗಳೂ ದೊಡ್ಡ ಪಾಲು ಕೊಡುತ್ತವೆ. ಲಂಡನ್ನಿನ ರಾಯಲ್ ಸೊಸೈಟಿಯವರು 1898ರಲ್ಲಿ ಪೆಸಿಫಿಕ್‌ನ ಫುನಾಫುಟಿ ಹವಳದ್ವೀಪದ ಲಗೂನಿನ (ಹವಳದ ದಿಬ್ಬ ಸುತ್ತುವರಿದ ಕಡಲನೀರಿನ) ತಳ ಕೊರೆಸಿದಾಗ ಮೇಲೆ ಬಂದದ್ದು ಬಹುಪಾಲು ಹ್ಯಾಲಿಮೀಡಾ ಪಾಚಿಯ ಬಿಲ್ಲೆಗಳೇ.

ಈ ಹಸಿರು ಪಾಚಿ ನೋಡಲು ಪುಟ್ಟ ಪಾಪಾಸುಕಳ್ಳಿಯಂತೆ, ಬಿಲ್ಲೆಯ ತುದಿಗೆ ಬಿಲ್ಲೆ. ಹೊಸ ಬಿಲ್ಲೆ ರಾತ್ರಿ ಬೆಳ್ಳಗೆ ಮೂಡಿ ಬೆಳಗಾಗುವಷ್ಟರಲ್ಲಿ ಹಸಿರಾಗುತ್ತದೆ. ಸುಮಾರು ಒಂದೂವರೆ ದಿನ ಕಳೆದ ಮೇಲೆ ಅದರೊಳಗಿನ ಸಂದುಗಳಲ್ಲಿ ಅರಗೊನೈಟ್ ಎಂಬ ಸುಣ್ಣದ ಸೂಜಿಗಳು ಕಟ್ಟತೊಡಗುತ್ತವೆ. ಸಂತಾನಕ್ಕೆ ತಯಾರಾದ ಗಿಡದ ಜೀವರಸವೆಲ್ಲ ಒಂದೇ ರಾತ್ರಿಯಲ್ಲಿ ಅಂಚಿನ ಗುಳ್ಳೆಗಳಿಗೆ ಸರಿದು, ಬೆಳಗಿನ ಹೊತ್ತಿಗೆ ನೀರಿಗೆ ಬಿಡುಗಡೆಯಾಗುತ್ತದೆ. ಗಿಡ ಬಿಳಿಚಿಕೊಂಡು ಸಾಯುತ್ತದೆ. ಬಿಲ್ಲೆಗಳ ನಡುವಿನ ಗಂಟಿನಲ್ಲಿ ಸುಣ್ಣವಿಲ್ಲದ ಕಾರಣ ಅವು ಬಿಡಿಬಿಡಿಯಾಗಿ ಉದುರಿ ಮರಳಾಗುತ್ತವೆ, ಮತ್ತೂ ಸವೆದರೆ ಬಿಳಿ ಕೆಸರಾಗುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಪಾಚಿ ದಟ್ಟವಾಗಿರುವಲ್ಲಿ ಚದರ ಮೀಟರಿಗೆ ವರ್ಷಕ್ಕೆ ಸುಮಾರು 2 ಕಿಲೊ ಸುಣ್ಣ ಹೀಗೆ ತಯಾರಾಗುತ್ತದೆ.

ಕಲ್ಲಿನ ಮೇಲೆ ಗುಲಾಬಿ ಗಾರೆ ಬಳಿದಂತೆ ಹರಡುವ ಕೆಂಪು ಪಾಚಿಯ ಮುಖ್ಯ ಕೆಲಸ ಬೇರೆ: ಚೂರುಗಳನ್ನು ಬೆಸೆದು ಹಿಡಿಯುವುದು. ಅದರ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚು. ಹಾಗಾಗಿ ಸಮುದ್ರದ ನೀರು ಆಮ್ಲದ ಕಡೆ ವಾಲಿದಷ್ಟೂ ಬೇಗ ಕರಗುವುದೂ ಅದೇ.

ವಿನೆಗರ್ ಹನಿಸಿ ನೊರೆ ಬಂದರೆ ಹವಳ ಎನ್ನುವವರಿದ್ದಾರೆ. ನೊರೆ ಹೇಳುವುದು ಸುಣ್ಣ ಇದೆ ಎಂದಷ್ಟೇ. ಯಾರು ಮಾಡಿದ ಸುಣ್ಣ ಎಂದಲ್ಲ. ನಮ್ಮ ಕರಾವಳಿಯ ಮರಳಿನಲ್ಲಿರುವ ಚಿಪ್ಪಿನ ಚೂರೂ ನೊರೆಯುತ್ತದೆ. 10 ಪಟ್ಟು ಹಿಗ್ಗಿಸುವ ಮಸೂರ ಸಾಕು: ಚಪ್ಪಟೆಯಾಗಿ, ರಸ್ಕಿನಂತೆ ಸಣ್ಣ ತೂತುಗಳಿದ್ದರೆ ಹ್ಯಾಲಿಮೀಡಾ, ನಯವಾಗಿ ಹೊಳೆದರೆ ಚಿಪ್ಪು. ತೀರಾ ಸವೆದ ಕಣಗಳಲ್ಲಿ ಮಾತ್ರ ಈ ಗುರುತು ಅಳಿಸಿರುತ್ತದೆ.

ಲಗೂನಿನಲ್ಲಿ ಹೂಳೆತ್ತುವ ಮುನ್ನ ನಡೆಯುವ ಸಮೀಕ್ಷೆಯಲ್ಲಿ ಜೀವಂತ ಹವಳದ ಶೇಕಡಾವಾರನ್ನು ಮಾತ್ರ ನೋಡಿ, ಉಳಿದದ್ದನ್ನು ‘ಬರೀ ಪಾಚಿ’ ಎಂದು ತಳ್ಳಿಹಾಕಬಾರದು. ಹೂಳೆತ್ತುವಾಗ ಏಳುವ ಕೆಸರು ಬೆಳಕನ್ನು ತಡೆದು ಪಾಚಿಯನ್ನು ಕೊಲ್ಲುತ್ತದೆ. ಹೊಸ ಮರಳು ಹುಟ್ಟುವುದು ನಿಂತರೂ ಹಳೆಯ ಮರಳು ಅಲ್ಲೇ ಬಿದ್ದಿರುವುದರಿಂದ ಆದ ನಷ್ಟ ತಕ್ಷಣ ಕಾಣುವುದಿಲ್ಲ. ಪಾಚಿಯ ಎಣಿಕೆಯೂ ಒಂದೇ ದಿನದ್ದಾದರೆ ಸಾಲದು. ನಿನ್ನೆ ಹಸಿರಾಗಿದ್ದ ಹ್ಯಾಲಿಮೀಡಾ ಹಾಸಿನಲ್ಲಿ ಇವತ್ತು ಬಿಳಿಚಿದ ಗಿಡಗಳೂ ಇರಬಹುದು.

— ಸಾಗರವಿಜ್ಞಾನ ಅಧ್ಯಾಪಕರು, ಮಂಗಳೂರು