ಹಾಡು ಆರಿಸುವ ಮಗಳಿಗೆ

ಕೊಪ್ಪಳ

ಪ್ರೀತಿಯ ಮಗಳೇ, ಕರ್ತನ ನಾಮದಲ್ಲಿ ವಂದನೆ.

ಬಳ್ಳಾರಿಯ ಸಭೆಯಲ್ಲಿ ಭಾನುವಾರದ ಆರಾಧನೆ ಇನ್ನು ನೀನೇ ನಡೆಸುತ್ತೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ತುಂಬಾ ಸಂತೋಷವಾಯಿತು. ನಿನ್ನ ಕಂಠ ಚೆನ್ನಾಗಿದೆ, ಅದರ ಚಿಂತೆ ನನಗಿಲ್ಲ. ಹಾಡು ಆರಿಸುವ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು.

ಪಾಸ್ಟರ್ ಕೊಟ್ಟ ಪ್ರಸಂಗ ಬಹಳ ಜನಕ್ಕೆ ಎರಡು ದಿನಕ್ಕೇ ಮರೆತುಹೋಗುತ್ತದೆ. ಹಾಡು ಉಳಿಯುತ್ತದೆ. ಜೀನ್ಸ್ ಹೊಲಿಯುತ್ತಾ ಕೂತವರು, ರೊಟ್ಟಿ ಬಡಿಯುವವರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿ ಕಾಯುವವರು ಅದನ್ನೇ ಗುನುಗುತ್ತಾರೆ. ಅಂದರೆ ಕಷ್ಟದಲ್ಲಿ ಅವರ ಬಾಯಿಗೆ ಯಾವ ಪ್ರಾರ್ಥನೆ ಬರಬೇಕು ಅನ್ನುವುದನ್ನು ನೀನು ಮೊದಲೇ ಆರಿಸಿಡುತ್ತಿದ್ದೀಯ. ಇದೂ ಸಭೆಯೆಂಬ ಮಂದೆಯನ್ನು ಕಾಯುವ ಕೆಲಸವೇ, ಅದು ಪಾಸ್ಟರ್ ಒಬ್ಬರದ್ದಲ್ಲ. ಬೈಬಲಿನಲ್ಲಿ ಕೊಲೊಸ್ಸೆ 3:16 ಓದು. ಕೀರ್ತನೆ, ಹಾಡುಗಳಿಂದಲೇ ಒಬ್ಬರಿಗೊಬ್ಬರು ಕಲಿಸಿ, ಬುದ್ಧಿ ಹೇಳಿ ಅನ್ನುತ್ತಾನೆ ಪೌಲ.

ಅದಕ್ಕೇ ಬರೀ ಖುಷಿಯ ಹಾಡು ಹಾಕಬೇಡ. ಮೊನ್ನೆ ಗಂಡನನ್ನು ಮಣ್ಣು ಮಾಡಿದವಳು ಮುಂದೆ ಕೂತಿರುತ್ತಾಳೆ. ಮಗ, ಸೊಸೆ ಗುಳೆ ಹೋಗಿ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ ಇರುತ್ತಾಳೆ. ಅವರಿಗೆ 'ಜೋರಾಗಿ ಚಪ್ಪಾಳೆ ತಟ್ಟಿ' ಅಂದರೆ ಹೇಗಾಗುತ್ತದೆ ಹೇಳು? 13ನೇ ಕೀರ್ತನೆ 'ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ' ಅಂತ ದೇವರನ್ನೇ ಕೇಳುತ್ತಾ ಶುರುವಾಗುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅಳುವವರ ಮಾತಿಗೆ ದೇವರ ವಾಕ್ಯದಲ್ಲೇ ಜಾಗ ಇದೆ. ನಿನ್ನ ಆರಾಧನೆಯಲ್ಲೂ ಇರಲಿ. ಅಂಥ ಕೀರ್ತನೆಯನ್ನು ನಿಧಾನವಾಗಿ ಓದಿಸು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರು. ಕೀಬೋರ್ಡ್ ಕೂಡ ಬೇಡ.

ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತರು. ಜನಕ್ಕೆ ಅರ್ಥವಾಗಲಿ ಅಂತ ತಾನೇ ಅಷ್ಟು ಕಷ್ಟಪಟ್ಟಿದ್ದು? ಯುವಕರಿಗೆ ಇಷ್ಟ ಅಂತ ಇಂಗ್ಲಿಷ್ ಹಾಡುಗಳನ್ನೇ ಜಾಸ್ತಿ ಮಾಡಿದರೆ ಹಿರಿಯರ ಬಾಯಿ ಮುಚ್ಚಿಹೋಗುತ್ತದೆ. ಮನೆಯಲ್ಲಿ ತೆಲುಗು ಆಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ, ಅವರಿಗೂ ಒಂದು ಹಾಡು ಇರಲಿ. ಶ್ರುತಿ ನಿನ್ನ ಗಂಟಲಿಗಲ್ಲ, ಸಭೆಯ ಗಂಟಲಿಗೆ ಹೊಂದಬೇಕು. ಸಭೆಯವರ ದನಿ ನಿನಗೆ ಕೇಳಿಸದಿದ್ದರೆ ಸ್ಪೀಕರ್ ತಗ್ಗಿಸು.

ಆರಾಧನೆ ಮುಗಿದ ಕೂಡಲೇ ಮೈಕು, ವೈರು ಸುತ್ತುತ್ತಾ ನಿಲ್ಲಬೇಡ, ಅದನ್ನು ಹುಡುಗರು ಮಾಡಲಿ. ಬಾಗಿಲ ಹತ್ತಿರ ಹೋಗಿ ಮಾತಾಡಿಸು. ಯಾರು ಬಂದಿಲ್ಲ ನೋಡು, ಸಂಜೆ ಫೋನ್ ಮಾಡು. ಗುಟ್ಟು ಹೇಳಿಕೊಂಡವರ ಮಾತು ನಿನ್ನಲ್ಲೇ ಇರಲಿ. ನಿನ್ನ ಕೈ ಮೀರಿದ್ದಾದರೆ ಅವರನ್ನೇ ಕೇಳಿಕೊಂಡು ಪಾಸ್ಟರ್ ಹತ್ತಿರ ಕರೆದುಕೊಂಡು ಹೋಗು. ಇಷ್ಟೆಲ್ಲ ತಿಳಿದ ಮೇಲೆ ಶನಿವಾರ ಹಾಡು ಆರಿಸಲು ಕೂತಾಗ ಅವರ ಮುಖಗಳೇ ನಿನ್ನ ಕಣ್ಣ ಮುಂದೆ ಬರುತ್ತವೆ.

ಈ ವಾರದ ಹಾಡುಗಳ ಪಟ್ಟಿಯನ್ನು ನನಗೂ ವಾಟ್ಸಾಪ್ ಮಾಡು.

ನಿನ್ನ ದೊಡ್ಡಮ್ಮ