ಪೆಟ್ಟಿಗೆ ಗಟ್ಟಿ, ಮುಚ್ಚಳ ಸಡಿಲ

ಸಂಪಾದಕರೇ,

ವಿಕಿರಣ ವಸ್ತುಗಳ ಸಾಗಣೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಲಾರಿಯ ಮೇಲೆ ಮೂರೆಲೆಯ ಗುರುತು ಕಂಡರೆ ಜನ ಹೆದರುತ್ತಾರೆ, ಸಹಜವೇ. ಆದರೆ ಹಲವು ವರ್ಷ ಪ್ಯಾಕಿಂಗ್ ಕೆಲಸ ಮಾಡಿದ ನನಗೆ ಭಯ ಇರುವುದು ಬೇರೆ ಕಡೆ.

ಪ್ರಬಲ ವಿಕಿರಣ ವಸ್ತು ಹೋಗುವುದು 'ಟೈಪ್ ಬಿ' ಪೆಟ್ಟಿಗೆಯಲ್ಲಿ. ಅದರ ಮಾದರಿಯನ್ನು 9 ಮೀಟರ್ ಎತ್ತರದಿಂದ ಕೊಂಚವೂ ಜಗ್ಗದ ನೆಲದ ಮೇಲೆ ಕೆಡವುತ್ತಾರೆ. ಉಕ್ಕಿನ ಗೂಟದ ಮೇಲೂ ಬೀಳಿಸುತ್ತಾರೆ. ಅಷ್ಟು ಪೆಟ್ಟು ತಿಂದ ಮೇಲೆ 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಆಸ್ಪತ್ರೆಯ ಸ್ಕ್ಯಾನ್‌ಗೆ ಬೇಕಾದಷ್ಟು ಸಣ್ಣ ಪ್ರಮಾಣಕ್ಕೆ 'ಟೈಪ್ ಎ' ಸಾಕು. ಅದಕ್ಕೆ ಬೆಂಕಿ ಪರೀಕ್ಷೆ ಇಲ್ಲ, ಒಳಗೆ ಎಷ್ಟು ಇಡಬಹುದು ಎಂಬುದಕ್ಕೇ ಮಿತಿ ಇದೆ.

ಆಸಿಡ್, ದ್ರಾವಕಗಳ ರಟ್ಟಿನ ಪೆಟ್ಟಿಗೆಗೂ ಪರೀಕ್ಷೆ ಉಂಟು. ವೃತ್ತದೊಳಗೆ ವಿಶ್ವಸಂಸ್ಥೆಯ ಗುರುತಾದ 'ಯುಎನ್' ಅಂತ, ಮುಂದೆ ಎಕ್ಸ್, ವೈ ಅಥವಾ ಝಡ್ ಅಂತ ಅಚ್ಚಾಗಿರುತ್ತದೆ. ಎಕ್ಸ್ ಇದ್ದರೆ ಅತಿ ಅಪಾಯದ ಗುಂಪಿಗೂ ಆಗುತ್ತದೆ. ಝಡ್ ಕಡಿಮೆ ಅಪಾಯದ್ದಕ್ಕೆ ಮಾತ್ರ. ಈ ಗುರುತು ನೋಡಿದ ಕೂಡಲೇ ಎಲ್ಲರಿಗೂ ನೆಮ್ಮದಿ. ಆದರೆ ಪರೀಕ್ಷೆ ಪಾಸಾದದ್ದು ಬರೀ ರಟ್ಟಲ್ಲ. ಒಳಗಿನ ಬಾಟಲಿ, ಮೆತ್ತೆ, ಟೇಪು, ಮುಚ್ಚಳದ ಬಿಗಿ ಎಲ್ಲ ಸೇರಿ ಪಾಸಾದದ್ದು. ಅದರಲ್ಲಿ ಒಂದನ್ನು ಸುಮ್ನೆ ಬದಲಿಸಿದರೆ ಆ ಗುರುತಿಗೆ ಅರ್ಥವೇ ಇಲ್ಲ, ಅಲ್ವಾ?

ಒಮ್ಮೆ ನಮ್ಮಲ್ಲಿಗೆ ತಳ ಒದ್ದೆಯಾದ ಪೆಟ್ಟಿಗೆ ಬಂತು. ಗುರುತು ಸರಿ, ಲೇಬಲ್ ಸರಿ, ಕಾಗದವೂ ಸರಿ. ಒಳಗಿನ ಬಾಟಲಿಯ ಮುಚ್ಚಳವನ್ನು ಮಾತ್ರ ಯಾರೋ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು. ಎಷ್ಟು ಬಿಗಿಯಬೇಕು ಎಂದು ತಯಾರಕರು ಬರೆದುಕೊಟ್ಟ ಚೀಟಿ ಮಡಿಕೆ ಬಿಚ್ಚದೆ ಒಳಗೇ ಇತ್ತು!

ವಿಕಿರಣದಲ್ಲೂ ಇದೇ ಕಥೆ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸೀಸಿಯಂ-137 ಎಂಬ ವಿಕಿರಣ ವಸ್ತುವಿನ 8 ಮಿ.ಮೀ. ಉದ್ದದ ಕ್ಯಾಪ್ಸೂಲ್ ದಾರಿಯಲ್ಲಿ ಬಿದ್ದುಹೋಯಿತು. ಲಾರಿಯ ಅಲುಗಾಟಕ್ಕೆ ಅದಿದ್ದ ಉಪಕರಣದ ಸ್ಕ್ರೂ, ಬೋಲ್ಟು ಕಳಚಿ, ಬೋಲ್ಟಿನ ತೂತಿನಿಂದಲೇ ಜಾರಿರಬೇಕು ಎಂದು ಅಧಿಕಾರಿಗಳು ಹೇಳಿದರು. ಸುಮಾರು 1,400 ಕಿ.ಮೀ. ದಾರಿಯಲ್ಲಿ ಹುಡುಕಬೇಕಾಯಿತು. ಸಿಕ್ಕಿದ್ದು ಫೆಬ್ರುವರಿ 1ಕ್ಕೆ, ರಸ್ತೆ ಬದಿಯಲ್ಲಿ.

ಇನ್ನೊಂದು ಮಾತು. ಖಾಲಿ ಪೆಟ್ಟಿಗೆಗೆ ಹಳೆ ಲೇಬಲ್ ಹಾಗೇ ಬಿಟ್ಟು ಬೇರೆ ಸಾಮಾನು ತುಂಬಿ ಕಳಿಸುವವರೂ ಇದ್ದಾರೆ. ಇದರಿಂದ ನಿಜವಾದ ಗುರುತಿನ ಬೆಲೆಯೂ ಹೋಗುತ್ತದೆ.

ತಪಾಸಣೆಗೆ ಬಂದವರು ಕಾಗದ ನೋಡುತ್ತಿದ್ದರು, ಲೇಬಲ್ ನೋಡುತ್ತಿದ್ದರು. ಮುಚ್ಚಳ ಬಿಗಿದವರು ಯಾರು, ಯಾವ ಪಾನಾದಿಂದ ಬಿಗಿದರು ಅಂತ ನನ್ನನ್ನು ಒಬ್ಬರೂ ಕೇಳಿದ್ದಿಲ್ಲ. ನಿಮ್ಮ ವರದಿಗಾರರಾದರೂ ಮುಂದಿನ ಸಲ ಕೇಳಲಿ.

– ಪ್ಯಾಕಿಂಗ್ ವಿಭಾಗದ ನಿವೃತ್ತ ನೌಕರ